ನಿನ್ನ ರಕ್ತದ ಮೇಲೆ ನಾನು ಹೊರಿಸಿದ ಮಾತು

ಅಂದು ನೀನು ಪರದೆಯ ಹಿಂದೆ ನಿಂತಿದ್ದು ನನಗೆ ಗೊತ್ತಿತ್ತು, ಮಗನೇ, ಪಂಪಾ. ನಾನು ಆಡಿದ ಮಾತು ನಿನ್ನ ಕಿವಿಗೆ ಬಿದ್ದಿದ್ದು, ನೀನು ಸದ್ದು ಮಾಡದೆ ಹಿಂದೆ ಸರಿದಿದ್ದು — ಎಲ್ಲವೂ ಆ ಗಳಿಗೆಯಲ್ಲೇ ಗೊತ್ತಿತ್ತು. ಗೊತ್ತಿದ್ದೂ ಇಷ್ಟು ವರ್ಷ ಗೊತ್ತಿಲ್ಲದವಳ ಹಾಗೆ ನಿನಗೆ ಊಟ ಬಡಿಸಿದೆ, ತಲೆಗೆ ಎಣ್ಣೆ ಹಚ್ಚಿದೆ, ಶಾಲೆಗೆ ಕಳಿಸಿದೆ. ಹಾಗೆ ಇದ್ದುಬಿಡುವುದು ಇಷ್ಟು ಸುಲಭ ಎಂದು ಮೊದಲು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ಮೊದಲಿನಿಂದ ಹೇಳುತ್ತೇನೆ. ಪರದೆಯ ಹಿಂದೆ ನಿಂತಾಗ ನಿನಗೆ ಎಂಟು ವರ್ಷ. ನೀನು ಕಂಡದ್ದು ತುಂಡು ತುಂಡು. ಅದನ್ನು ಜೋಡಿಸಿಕೊಡಬೇಕಾದವಳು ನಾನು, ಜೋಡಿಸಿಕೊಡಲಿಲ್ಲ.

ನಿನ್ನ ಅಕ್ಕ ನೀಲಾ ಒಂಬತ್ತನೇ ತರಗತಿಯಲ್ಲಿದ್ದಳು. ಕಮಲಾಪುರದ ನಮ್ಮ ಮನೆಯಿಂದ ಹಂಪಿಯವರೆಗೆ ಸೈಕಲ್ ತುಳಿದು ಹೋಗಿ, ಹಂಪಿ ಬಜಾರಿನಲ್ಲಿ ಗೆಳತಿಯರ ಜೊತೆ ಹರಟೆ ಹೊಡೆದು, ಏನೂ ಆಗದವಳಂತೆ ತಿರುಗಿ ಬರುತ್ತಿದ್ದ ಹುಡುಗಿ. ಆ ವರ್ಷ ಅವಳು ನಲ್ಲಿಯಿಂದ ಒಂದು ಕೊಡ ನೀರು ತಂದರೆ ಕಟ್ಟೆಯ ಮೇಲೆ ಕೂತು ಏದುಸಿರು ಬಿಡತೊಡಗಿದಳು. ಹಲ್ಲುಜ್ಜಿ ಉಗುಳಿದರೆ ಕೆಂಪು. ಮೊಣಕಾಲಿನ ಕೆಳಗೆ ನೀಲಿ ಕಲೆಗಳು.

"ಎಲ್ಲಿ ಬಿದ್ದೀಲೇ?" ಎಂದು ಕೇಳಿದರೆ, "ಎಲ್ಲೂ ಬಿದ್ದಿಲ್ಲವ್ವ" ಎನ್ನುತ್ತಿದ್ದಳು. ನಾನು ನಂಬಲಿಲ್ಲ. ಸೈಕಲ್ಲಿನಿಂದ ಬಿದ್ದು ಮುಚ್ಚಿಡುತ್ತಿದ್ದಾಳೆ ಎಂದು ಬೈದೆ. ನಾನು ಪ್ರಾಥಮಿಕ ಶಾಲೆಯ ಟೀಚರು. ಮಕ್ಕಳ ಕಣ್ಣರೆಪ್ಪೆ ಎಳೆದು ನೋಡಿ, ರಕ್ತ ಕಡಿಮೆ ಇದೆ, ಸೊಪ್ಪು ತಿನ್ನಿಸಿ ಎಂದು ತಾಯಂದಿರಿಗೆ ಹೇಳಿ ಅಭ್ಯಾಸ. ಅದನ್ನೇ ನನ್ನ ಮನೆಯಲ್ಲೂ ಮಾಡಿದೆ. ನುಗ್ಗೆಸೊಪ್ಪು, ಖರ್ಜೂರ, ಬೀಟ್‌ರೂಟು. ಜ್ವರ ಬಂತು, ಹೋಯಿತು, ಮತ್ತೆ ಬಂತು. ಕಾಲಿನ ಎಲುಬು ನೋಯುತ್ತದೆ ಎಂದು ಅತ್ತಾಗ ಬೆಳೆಯುವ ವಯಸ್ಸು ಎಂದೆ.

ಕೊನೆಗೆ ನಿಮ್ಮಪ್ಪ ಮಾರಲು ಒಯ್ಯುತ್ತಿದ್ದ ಬಾಳೆಕಾಯಿ ಲೋಡಿನ ಜೊತೆಗೇ ಅವಳನ್ನು ಹೊಸಪೇಟೆಗೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದರು. ಅಲ್ಲಿನ ಡಾಕ್ಟರು ವರದಿ ನೋಡಿ, ನೀಲಾಳನ್ನು ಹೊರಗೆ ಕೂರಿಸಿ, "ಇವತ್ತೇ ಬೆಂಗಳೂರಿಗೆ ಹೊಂಡ್ರಿ. ನಾಳೆ ಅಂತ ಅನಬ್ಯಾಡ್ರಿ" ಎಂದರಂತೆ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಅವಳ ಸೊಂಟದ ಮೂಳೆಯಿಂದ ಮಜ್ಜೆ ತೆಗೆದು ನೋಡಿದರು. ಲ್ಯುಕೇಮಿಯಾ ಎಂದರು — ರಕ್ತದ ಕ್ಯಾನ್ಸರು. ಅಲ್ಲಿನ ಡಾಕ್ಟರಮ್ಮ ತಾಳ್ಮೆಯ ಹೆಂಗಸು. ನಾನು ಟೀಚರು ಎಂದು ತಿಳಿದ ಮೇಲೆ ಪಾಠ ಹೇಳುವ ಹಾಗೆ ಹೇಳಿದರು. ರಕ್ತ ಹುಟ್ಟುವುದು ಮೂಳೆಯ ಒಳಗಿನ ಮಜ್ಜೆಯಲ್ಲಿ. ಕೆಂಪು ಕಣ, ಬಿಳಿ ಕಣ, ರಕ್ತ ಹೆಪ್ಪುಗಟ್ಟಿಸುವ ಕಿರುಬಿಲ್ಲೆಗಳು — ಎಲ್ಲದಕ್ಕೂ ಅದೇ ತವರು. ಅಲ್ಲಿ ಒಂದು ಬಿಳಿ ಕಣ ದಾರಿ ತಪ್ಪುತ್ತದೆ. ಬಲಿಯುವುದಿಲ್ಲ, ಸಾಯುವುದೂ ಇಲ್ಲ; ತನ್ನಂಥವನ್ನೇ ಹುಟ್ಟಿಸುತ್ತಾ ಹೋಗುತ್ತದೆ. ಮಜ್ಜೆಯೆಲ್ಲ ಅವೇ ತುಂಬಿಕೊಂಡರೆ ಬೇರೆಯವಕ್ಕೆ ಜಾಗ ಎಲ್ಲಿ? ಕೆಂಪು ಕಣ ಕಡಿಮೆಯಾದವು, ಅದಕ್ಕೇ ಏದುಸಿರು. ಕಿರುಬಿಲ್ಲೆ ಕಡಿಮೆಯಾದವು, ಅದಕ್ಕೇ ಒಸಡಿನ ರಕ್ತ, ಕಾಲಿನ ಕಲೆ. ಬಿಳಿ ಕಣಗಳು ಲೆಕ್ಕವಿಲ್ಲದಷ್ಟು, ಆದರೆ ಒಂದಕ್ಕೂ ಕಾಯುವ ಶಕ್ತಿ ಇಲ್ಲ, ಅದಕ್ಕೇ ಜ್ವರ.

ನಾನು ತಲೆ ಆಡಿಸುತ್ತಾ ಕೇಳಿದೆ. ನನಗೆ ಅರ್ಥವಾಯಿತು ಎಂದು ಅವರು ಅಂದುಕೊಂಡರು. ನನ್ನ ತಲೆಯಲ್ಲಿದ್ದದ್ದು ಒಂದೇ — ಬಿದ್ದಿಲ್ಲವ್ವ ಎಂದು ಅವಳು ಹೇಳಿದ್ದು ನಿಜವಾಗಿತ್ತಲ್ಲ.

ಔಷಧಿ ಶುರುವಾಯಿತು. ಕೂದಲು ಹೋಯಿತು, ಬಾಯಿ ಹುಣ್ಣಾಯಿತು, ಆಮೇಲೆ ಪರೀಕ್ಷೆಯಲ್ಲಿ ರೋಗ ಕಾಣಲಿಲ್ಲ. ಮನೆಗೆ ಬಂದೆವು. ಅವಳು ತಲೆಗೆ ಬಟ್ಟೆ ಕಟ್ಟಿಕೊಂಡು ಶಾಲೆಗೆ ಹೋದಳು. ಮತ್ತೆ ನೀನೂ ಅವಳೂ ರಿಮೋಟಿಗೆ ಜಗಳವಾಡಿದಿರಿ. ಆ ಜಗಳ ಕೇಳಿ ನಾನು ಒಲೆಯ ಮುಂದೆ ನಕ್ಕಿದ್ದೆ. ವರ್ಷ ತುಂಬುವ ಮೊದಲೇ ರೋಗ ತಿರುಗಿ ಬಂತು.

ಈ ಸಲ ಮಜ್ಜೆಯನ್ನೇ ಬದಲಾಯಿಸಬೇಕು ಎಂದರು. ನನ್ನದೂ ನಿಮ್ಮಪ್ಪನದೂ ಅರ್ಧ ಹೊಂದಿತು. ನಿನ್ನದು ಪೂರ್ತಿ ಹೊಂದಿತು.

ನಿನ್ನನ್ನು ಯಾರೂ ಕೇಳಲಿಲ್ಲ, ಪಂಪಾ. ಡಾಕ್ಟರಮ್ಮ, "ಅವನಿಗೆ ಅರ್ಥವಾಗೋ ಹಾಗೆ ಹೇಳಿ, ಹೇಳದೆ ಕರ್ಕೊಂಡು ಬರಬೇಡಿ" ಎಂದಿದ್ದರು. ನಾನು ನಿನಗೆ, "ಸಣ್ಣ ಸೂಜಿ. ಮಲಗಿ ಎದ್ರ ಮುಗೀತು. ಆಮ್ಯಾಲೆ ಅಕ್ಕಗ ಆರಾಮ ಆಗ್ತೈತಿ" ಎಂದಷ್ಟೇ ಹೇಳಿದೆ. ನಿನಗೆ ಮತ್ತಿನ ಮದ್ದು ಕೊಟ್ಟು, ಸೊಂಟದ ಎರಡೂ ಕಡೆಯಿಂದ ಮಜ್ಜೆ ತೆಗೆದರು. ಎದ್ದ ಮೇಲೆ ನೀನು ಬೆನ್ನು ಕೆಳಗೆ ಮಾಡಿ ಮಲಗಲು ಆಗದೆ ಬೋರಲು ಮಲಗಿದ್ದೆ. ಅಳಲಿಲ್ಲ. "ಅಕ್ಕಗ ನಾಳೆ ಆರಾಮ ಆಗ್ತೈತೇನವ್ವ?" ಎಂದು ಕೇಳಿದೆ. ನಾನು ಹೂಂ ಎಂದೆ. ಆರಾಮ ಆಗಬಹುದು, ಆಗದೆಯೂ ಇರಬಹುದು, ಆಗದಿದ್ದರೆ ಅದು ನಿನ್ನಿಂದ ಅಲ್ಲ — ಇಷ್ಟು ಹೇಳುವುದಕ್ಕೆ ನನಗೆ ಎಷ್ಟು ಹೊತ್ತು ಬೇಕಿತ್ತು?

ಕೆಲವು ವಾರಕ್ಕೆ ನಿನ್ನ ಮಜ್ಜೆ ಅವಳ ಮೂಳೆಯಲ್ಲಿ ಬೇರೂರಿತು. ಡಾಕ್ಟರಮ್ಮ ನಗುತ್ತಾ, ಇನ್ನು ನಿಧಾನವಾಗಿ ನೀಲಾಳ ರಕ್ತದ ಗುಂಪೂ ತಮ್ಮನದೇ ಆಗುತ್ತದೆ ಎಂದರು. ನೀಲಾ ಫೋನಿನಲ್ಲಿ ನಿನಗೆ, "ಲೇ, ಇನ್ಮ್ಯಾಲೆ ನನ್ನ ಮೈಯಾಗೂ ನಿನ್ನ ರಕ್ತನ. ನಿನ್ನಂಗ ದಡ್ಡಿ ಆಗ್ತೀನೋ ಏನೋ" ಎಂದಳು. ಊರಲ್ಲಿ ದೊಡ್ಡವ್ವನ ಹತ್ತಿರ ಇದ್ದ ನೀನು ಅದನ್ನು ಕೇಳಿ ಮನೆಮನೆಗೆ ಹೇಳಿಕೊಂಡು ಬಂದಿದ್ದೆಯಂತೆ. ನಿನ್ನ ಬಾಲ್ಯದಲ್ಲಿ ನೀನು ಅಷ್ಟು ಹೆಮ್ಮೆಪಟ್ಟ ದಿನ ಇನ್ನೊಂದಿರಲಿಕ್ಕಿಲ್ಲ.

ಆಮೇಲೆ ಅವಳ ಅಂಗೈ, ಅಂಗಾಲು, ಕಿವಿ ಕೆಂಪಾದವು. ಸುಟ್ಟ ಹಾಗೆ ಚರ್ಮ ಎದ್ದಿತು. ಭೇದಿ ನಿಲ್ಲಲಿಲ್ಲ, ಕಣ್ಣು ಅರಿಸಿನವಾಯಿತು. ಡಾಕ್ಟರಮ್ಮ ನಮ್ಮನ್ನು ಕರೆದು ಕೂರಿಸಿಕೊಂಡರು. ಕೊಟ್ಟವರ ಕಣಗಳು ಕೆಲವೊಮ್ಮೆ ಪಡೆದವರ ಮೈಯನ್ನು ತಮ್ಮದಲ್ಲ ಎಂದು ತಿಳಿಯುತ್ತವೆ, ಪೂರ್ತಿ ಹೊಂದಿದರೂ ಹೀಗಾಗುವುದುಂಟು. ಉಳಿದ ರೋಗದ ಕಣಗಳನ್ನು ಹುಡುಕಿ ಕೊಲ್ಲುವುದೂ ಅವೇ, ಮೈಯ ಮೇಲೆ ಬೀಳುವುದೂ ಅವೇ ಎಂದರು. "ಇದು ಯಾರ ತಪ್ಪೂ ಅಲ್ಲ. ಮಗು ಕೊಟ್ಟ ಮಜ್ಜೆಯಲ್ಲಿ ಕೆಟ್ಟದ್ದೇನೂ ಇಲ್ಲ. ಅದಿಲ್ಲದಿದ್ದರೆ ನಮಗೆ ಪ್ರಯತ್ನ ಮಾಡೋಕೂ ದಾರಿ ಇರಲಿಲ್ಲ" — ಈ ಮಾತನ್ನು ಅವರು ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದರು.

ನಾನು ಇಡೀ ಮಾತು ಕೇಳಿದೆ. ಊರಿಗೆ ತಂದದ್ದು ಅರ್ಧ.

ನೀಲಾಳನ್ನು ಮಣ್ಣು ಮಾಡಿದ ವಾರ. ನನ್ನಕ್ಕ, ನಿನ್ನ ದೊಡ್ಡವ್ವ, ತನ್ನೂರು ಕಂಪ್ಲಿಗೆ ಹೋಗದೆ ನಮ್ಮಲ್ಲೇ ಉಳಿದಿದ್ದಳು. ಮಧ್ಯಾಹ್ನ. ಅವಳು ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತಿದ್ದಳು, ನಾನು ಗೋಡೆಗೆ ಒರಗಿ ಕೂತಿದ್ದೆ. ಅಕ್ಕ ಕೇಳಿದಳು, "ಮಜ್ಜೆ ಹತ್ತೈತಿ ಅಂದಿದ್ರಲ್ಲ, ಮತ್ಯಾಕ ಹಿಂಗಾತು?"

"ಹತ್ತಿದ್ದಕ್ಕ ಹಿಂಗಾತು" ಎಂದೆ ನಾನು. "ಆ ಹುಡುಗನ ರಕ್ತನ ನನ್ನ ಮಗಳನ್ನ ತಿಂತು. ಕೊಡಿಸಬಾರದಾಗಿತ್ತು."

ಅಕ್ಕ ಗಾಬರಿಯಾಗಿ, "ಸಣ್ಣಗ ಮಾತಾಡು, ಹುಡುಗ ಮನ್ಯಾಗ ಐತಿ" ಎಂದಳು.

ಆಗ ನಾನು ಬಾಗಿಲ ಕಡೆ ನೋಡಿದೆ. ಅಕ್ಕನ ಬೆನ್ನು ಆ ಕಡೆಗಿತ್ತು, ಅವಳಿಗೆ ಕಾಣಲಿಲ್ಲ. ಪರದೆ ನೆಲಕ್ಕಿಂತ ಗೇಣು ಮೇಲಿತ್ತು. ಅದರ ಕೆಳಗೆ ನಿನ್ನ ಎರಡು ಪಾದ. ಒಂದರ ಮೇಲೊಂದು ಇಟ್ಟುಕೊಂಡಿದ್ದೆ, ತಣ್ಣನೆಯ ನೆಲದ ಮೇಲೆ ನಿಂತ ಮಕ್ಕಳು ಇಡುವ ಹಾಗೆ.

ನಾನು ಅಲ್ಲಿಗೆ ನಿಲ್ಲಿಸಬಹುದಿತ್ತು. ಎದ್ದು ಬಂದು ನಿನ್ನನ್ನು ತಬ್ಬಿಕೊಳ್ಳಬಹುದಿತ್ತು. ನಾನು ಏನು ಮಾಡಿದೆ ಎಂದರೆ — ಆ ಪಾದಗಳನ್ನೇ ನೋಡುತ್ತಾ ಹೇಳಿದೆ: "ಇದ್ರ ಇರ್ಲಿ. ಖರೇನ ಐತಲ್ಲ."

ಪಾದಗಳು ಹಿಂದೆ ಸರಿದವು.

ದುಃಖದಲ್ಲಿ ಬಾಯಿ ತಪ್ಪಿತು ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಮೊದಲನೆಯ ಮಾತು ತಪ್ಪಿ ಬಂದದ್ದು ಇರಬಹುದು. ಎರಡನೆಯದು ಅಲ್ಲ. ಅದನ್ನು ನಾನು ನಿನಗಾಗಿಯೇ ಆಡಿದೆ. ನೀನು ಉಳಿದಿದ್ದೆ, ಅವಳು ಇರಲಿಲ್ಲ. ಹಿತ್ತಲಲ್ಲಿ ನಿನ್ನ ಚಡ್ಡಿ ಅಂಗಿ ಒಣಗುತ್ತಿದ್ದವು, ಅವಳ ಲಂಗ ಇರಲಿಲ್ಲ. ಯಾರಿಗಾದರೂ ನೋಯಬೇಕಿತ್ತು — ನನ್ನಷ್ಟೇ ನೋಯಬೇಕಿತ್ತು — ಮನೆಯಲ್ಲಿ ಕೈಗೆ ಸಿಕ್ಕವನು ನೀನು.

ಆ ಸಂಜೆ ನೀನು ಎಂದಿನಂತೆ ಬಂದು ತಟ್ಟೆ ಹಾಕಿಕೊಂಡು ಕೂತೆ. ನಾನು ಬಡಿಸಿದೆ. ಚಿಕ್ಕವನು, ಮರೆಯುತ್ತಾನೆ ಎಂದುಕೊಂಡೆ.

ನೀನು ಮರೆಯಲಿಲ್ಲ ಎಂಬುದಕ್ಕೆ ನನಗೆ ಸುಳಿವು ಸಿಗದೆ ಇರಲಿಲ್ಲ. ಒಮ್ಮೆ ಕುಡುಗೋಲು ತಾಗಿ ನಿನ್ನ ಬೆರಳು ಕೊಯ್ದಾಗ ನಾನು ಹಿಡಿಯಲು ಬಂದರೆ ನೀನು ಕೈ ಹಿಂದೆ ಮಾಡಿಕೊಂಡು, "ಮುಟ್ಟಬ್ಯಾಡ" ಎಂದು ಹೊರಗೆ ಓಡಿ, ಮಣ್ಣಿನಲ್ಲಿ ಒರೆಸಿದೆ. ನೆಲದ ಮೇಲೆ ಬಿದ್ದ ಹನಿಗಳನ್ನು ನೀನೇ ಬಟ್ಟೆ ತಂದು ತಿಕ್ಕಿ ತೊಳೆದೆ. ಹೈಸ್ಕೂಲಿನಲ್ಲಿ ರಕ್ತದ ಪಾಠ ನಡೆಯುವಾಗ ನೀನು ಎದ್ದು ಹೋದೆ ಎಂದು ನಿನ್ನ ವಿಜ್ಞಾನದ ಮೇಷ್ಟ್ರು ನನಗೆ ದಾರಿಯಲ್ಲಿ ಸಿಕ್ಕು ಹೇಳಿದರು. ಅಕ್ಕನ ನೆನಪಾಗಿರಬೇಕು ಸರ್ ಎಂದು ಹೇಳಿ ಮುಂದೆ ನಡೆದೆ. ನಾನೂ ಟೀಚರು. ಅದೇ ಪಾಠವನ್ನು ಮನೆಯಲ್ಲಿ ನಿನ್ನೆದುರು ಕೂತು ಹೇಳಿಕೊಡುವುದು ನನ್ನಿಂದ ಆಗುತ್ತಿತ್ತು. ಆದರೆ ಶುರು ಮಾಡಿದರೆ ಆ ಮಧ್ಯಾಹ್ನಕ್ಕೆ ಬರಬೇಕಾಗುತ್ತಿತ್ತಲ್ಲ.

ನೀನು ಡಿಪ್ಲೊಮಾ ಮುಗಿಸಿದೆ, ವಡ್ಡು ಕಡೆಯ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು, ಅಲ್ಲೇ ಕೋಣೆ ಮಾಡಿದೆ. ಮನೆಗೆ ಬರುವುದು ಕಡಿಮೆಯಾಯಿತು. ಶಿಫ್ಟು ಎಂದೆ. ನಾನು ಒಪ್ಪಿಕೊಂಡೆ.

ಹೋದ ತಿಂಗಳು ನಿನ್ನ ಜೊತೆ ಕೆಲಸ ಮಾಡುವ ಮಂಜುನಾಥ ನಮ್ಮ ಮನೆಗೆ ಬಂದಿದ್ದ. ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಕರೆಯಲು ಬಂದವನು ಚಹಾ ಕುಡಿದ ಮೇಲೂ ಏಳಲಿಲ್ಲ.

"ಅಮ್ಮಾರ, ಒಂದು ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ" ಎಂದ. ಸಂಡೂರಿನಲ್ಲಿ ಅವನ ಹೆಂಡತಿಗೆ ಹೆರಿಗೆಯಲ್ಲಿ ರಕ್ತ ಬಹಳ ಹೋಯಿತಂತೆ. ಓ ನೆಗೆಟಿವ್ ಬೇಕೆಂದರಂತೆ. ನಿನ್ನದು ಅದೇ ಎಂದು ಕಾರ್ಖಾನೆಯ ಗುರುತಿನ ಚೀಟಿಯಲ್ಲಿ ಅವನು ನೋಡಿದ್ದ. "ಫೋನ್ ಮಾಡಿದ್ನಿರಿ. ಬಂದ. ಆಸ್ಪತ್ರೆ ಗೇಟಿನ ತನಕ ಬಂದ. ಅಲ್ಲಿ ನನ್ನ ಕೈ ಹಿಡ್ಕೊಂಡು, ನನ್ನ ರಕ್ತ ಬ್ಯಾಡೋ ಮಂಜಾ, ಕೆಟ್ಟೈತಿ, ಯಾರಿಗೆ ಕೊಟ್ರೂ ಅವ್ರು ಉಳಿಯಾಂಗಿಲ್ಲ ಅಂದ. ಅಂದವ್ನ ಹೊಂಟುಬಿಟ್ಟ."

ಬೇರೆ ಯಾರೋ ಬಂದು ಕೊಟ್ಟರು. ತಾಯಿ ಮಗು ಉಳಿದರು. ಮಂಜುನಾಥನಿಗೆ ಸಿಟ್ಟಿರಲಿಲ್ಲ. "ಅವಗ ಏನರ ರೋಗ ಐತೇನ್ರಿ? ಇದ್ರ ಹೇಳ್ರಿ, ನಾವು ನೋಡ್ಕೋತೀವಿ" ಎಂದ.

ರೋಗವಿಲ್ಲ ಎಂದೆ. ಅವನು ಹೋದ ಮೇಲೆ ಬಾಗಿಲಲ್ಲೇ ಕೂತೆ. ನಿಮ್ಮಪ್ಪ ಏನಾಯಿತು ಎಂದು ಕೇಳಿದರು. ಅವರಿಗೂ ನಾನು ಇಂದಿನವರೆಗೆ ಆ ಮಾತು ಹೇಳಿಲ್ಲ.

ಆ ಭಾನುವಾರ ವಡ್ಡುವಿಗೆ ಬಂದೆ. ಅದಕ್ಕೂ ಮೊದಲು ಹೊಸಪೇಟೆಯಲ್ಲಿ ಒಬ್ಬ ಡಾಕ್ಟರನ್ನು ಕಂಡು ಎಲ್ಲವನ್ನೂ ಮತ್ತೊಮ್ಮೆ ಕೇಳಿ ತಿಳಿದುಕೊಂಡಿದ್ದೆ, ನಿನ್ನ ಮುಂದೆ ಒಂದು ಮಾತೂ ತಪ್ಪಬಾರದೆಂದು. ಕೋಣೆಯಲ್ಲಿ ನೀನೊಬ್ಬನೇ ಇದ್ದೆ. ಕಿಟಕಿಯ ಸರಳಿನ ಮೇಲೆ ಕೆಂಪು ಧೂಳು. ನನ್ನನ್ನು ಮಂಚದ ಮೇಲೆ ಕೂರಿಸಿ ಚಹಾ ಕಾಸಿದೆ. ನಾನು ಮಂಜುನಾಥ ಬಂದಿದ್ದನ್ನು ಹೇಳಿದೆ. ಆಮೇಲೆ ಮೂಳೆಯಿಂದ ಶುರು ಮಾಡಿ ಹೇಳುತ್ತಾ ಹೋದೆ — ದಾರಿ ತಪ್ಪಿದ ಕಣ, ತಿರುಗಿ ಬಂದ ರೋಗ, ನಿನ್ನ ಮಜ್ಜೆ ಬೇರೂರಿದ್ದು, ಅದರ ಕಣಗಳು ರೋಗದ ಜೊತೆ ಹೊಡೆದಾಡುತ್ತಾ ಅವಳ ಮೈಯನ್ನೂ ಗುರುತಿಸದೆ ಹೋದದ್ದು. ಆರೋಗ್ಯವಂತರ ಕಣಗಳೇ ಹಾಗೆ ಮಾಡುವುದು, ನಿನ್ನ ರಕ್ತ ಚೆನ್ನಾಗಿದೆ, ಎಂದೂ ಚೆನ್ನಾಗಿತ್ತು ಎಂದೆ. ಹೆರಿಗೆಯವರಿಗೆ ಕೊಡುವ ರಕ್ತ ಮಜ್ಜೆಯ ಹಾಗೆ ಒಳಗೆ ಬೇರೂರುವುದಿಲ್ಲ, ಆಗಬೇಕಾದ ಕೆಲಸ ಮಾಡಿ ಮುಗಿಯುತ್ತದೆ ಎಂದೂ ಹೇಳಿದೆ.

ನೀನು ಚಹಾ ಮುಟ್ಟಲಿಲ್ಲ. "ನೀ ದೊಡ್ಡವ್ವಗ ಅಂದಿದ್ದು ನಾ ಕೇಳಿದ್ದೆವ್ವ" ಎಂದೆ.

ನಾನು ಲೋಟ ಕೆಳಗಿಟ್ಟೆ.

"ಪರದೆ ಹಿಂದ ಇದ್ದೆ. ನೀರು ಕುಡಿಯಾಕ ಬಂದಿದ್ದೆ. ದೊಡ್ಡವ್ವ ಹುಡುಗ ಮನ್ಯಾಗ ಐತಿ ಅಂದ್ಲು, ನೀ ಇದ್ರ ಇರ್ಲಿ ಅಂದಿ." ಆಮೇಲೆ ನನ್ನ ಮುಖ ನೋಡಿದೆ. ಎಂಟು ವರ್ಷದವನು ಹೇಗೆ ನೋಡುತ್ತಿದ್ದನೋ ಹಾಗೆ. "ನಾ ಹಿತ್ತಲದಾಗ ಆಡಾಕತ್ತೀನಿ ಅಂತ ತಿಳ್ಕೊಂಡಿದ್ದಿ, ಹೌದಲ್ಲ? ಅಲ್ಲೇ ಅದೀನಿ ಅಂತ ಗೊತ್ತಿದ್ರ ನೀ ಹಂಗ ಅಂತಿದ್ದಿಲ್ಲ."

ನೀನು ಇಷ್ಟು ವರ್ಷ ಕೂಡಿಸಿ ಕಟ್ಟಿಕೊಂಡಿದ್ದ ತಾಯಿ ಅವಳು. ಗೊತ್ತಿಲ್ಲದೆ ಆಡಿದವಳು. ಅವಳನ್ನು ನನ್ನ ಮುಂದೆ ತಂದು ನಿಲ್ಲಿಸಿ, ಇವಳು ನೀನೇ ಅಲ್ಲವೇ ಎಂದು ಕೇಳಿದೆ.

"ಹೂಂ" ಎಂದೆ ನಾನು. "ಗೊತ್ತಿರಲಿಲ್ಲಪ್ಪ."

ನೀನು ಎದ್ದು ಹೋಗಿ ಲೋಟ ತೊಳೆಯತೊಡಗಿದೆ. ಎರಡೇ ಲೋಟ, ಎಷ್ಟೋ ಹೊತ್ತು ನನಗೆ ಬೆನ್ನು ಮಾಡಿ ತೊಳೆದೆ. ತಿರುಗಿದಾಗ ಕಣ್ಣು ಕೆಂಪಗಿದ್ದವು, ಆದರೆ ಮುಖ — ಅಷ್ಟು ಹಗುರಾದ ಮುಖವನ್ನು ನಾನು ನೀಲಾ ಹೋದ ಮೇಲೆ ಕಂಡೇ ಇರಲಿಲ್ಲ. ಬಸ್ಸಿನವರೆಗೆ ಬಂದು, ಕಿಟಕಿಯಲ್ಲಿ ಕೈ ಇಟ್ಟು, "ಜಲ್ದಿ ಬಾರವ್ವ ಮತ್ತ" ಎಂದೆ.

ಅಂದಿನಿಂದ ನೀನು ದಿನಾ ಫೋನು ಮಾಡುತ್ತೀ. ನಿಮ್ಮಪ್ಪನ ಜೊತೆಗೂ ಮಾತಾಡುತ್ತೀ. ಮೊನ್ನೆ ಸಂಡೂರಿನಲ್ಲಿ ರಕ್ತ ಕೊಟ್ಟು ಬಂದು ಹೇಳಿದೆ: "ಏನೂ ಆಗ್ಲಿಲ್ಲವ್ವ. ಮಲಗಿಸಿದ್ರು, ತಗೊಂಡ್ರು, ಬಿಸ್ಕೀಟು ಕೊಟ್ರು." ಆಮೇಲೆ, "ಅದು ಯಾರಿಗೆ ಹೋಗ್ತೈತೋ, ಅವ್ರು ಆರಾಮ ಇರ್ಲಿ" ಎಂದೆ. ನಾನು ಫೋನು ಹಿಡಿದುಕೊಂಡು ಸುಮ್ಮನೆ ನಿಂತಿದ್ದೆ. ನಿನಗೆ ಅದು ಸಂತೋಷ ಎನಿಸಿರಬೇಕು. ಸಂತೋಷವೂ ಇತ್ತು. ಆದರೆ ನೀನು ಕ್ಷಮಿಸಿದ್ದು ಆ ಇನ್ನೊಬ್ಬಳನ್ನು. ಅವಳಿಗೆ ಸಲ್ಲಬೇಕಾದ ಪ್ರೀತಿಯನ್ನು ನಾನು ದಿನಾ ಕೈಚಾಚಿ ತೆಗೆದುಕೊಳ್ಳುತ್ತಿದ್ದೇನೆ.

ಹೇಳದೆ ಇರುವುದೇ ನಿನಗೆ ಒಳ್ಳೆಯದು ಎಂದು ಮನಸ್ಸು ಹೇಳುತ್ತದೆ. ಈಗ ತಾನೇ ನೆಟ್ಟಗಾದವನನ್ನು ಮತ್ತೆ ಯಾಕೆ... ಆದರೆ ಈ ದನಿಯನ್ನು ನಾನು ಬಲ್ಲೆ. ಚಿಕ್ಕವನು, ಮರೆಯುತ್ತಾನೆ ಎಂದದ್ದೂ ಇದೇ ದನಿ. ನಿನ್ನ ಒಳ್ಳೆಯದರ ಹೆಸರಿನಲ್ಲಿ ಅದು ಪ್ರತಿ ಸಲವೂ ನನ್ನನ್ನೇ ಕಾಪಾಡಿದೆ. ಒಂದು ವೇಳೆ ನಿನ್ನ ಮನಸ್ಸಿನ ಯಾವುದೋ ಮೂಲೆಯಲ್ಲಿ, ಅವ್ವನಿಗೆ ಗೊತ್ತಿತ್ತು ಎಂಬುದು ಇನ್ನೂ ಕೂತಿದ್ದರೆ, ನನ್ನ ಹೂಂ ಅದನ್ನು ಸುಳ್ಳಾಗಿಸಲಿಲ್ಲ. ನೀನು ಕಂಡದ್ದನ್ನು ನೀನೇ ನಂಬದ ಹಾಗೆ ಮಾಡಿತು, ಅಷ್ಟೇ.

ಈ ಭಾನುವಾರ ಊಟಕ್ಕೆ ಬರುತ್ತೇನೆ ಎಂದಿದ್ದೀ. ರೊಟ್ಟಿ, ಎಣ್ಣೆಗಾಯಿ ಮಾಡು ಎಂದಿದ್ದೀ. ಮಾಡಿಡುತ್ತೇನೆ. ಆದರೆ ಬಡಿಸುವ ಮೊದಲು ನಿಮ್ಮಪ್ಪನನ್ನೂ ಕರೆದು ಕೂರಿಸಿ, ನಿಮ್ಮಿಬ್ಬರ ಮುಂದೆ ಹೇಳುತ್ತೇನೆ: ನಾನು ನಿನ್ನನ್ನು ನೋಡಿದ್ದೆ, ನೋಡಿದ ಮೇಲೆ ಹೇಳಿದೆ, ನಿನಗೆ ಕೇಳಲಿ ಎಂದೇ ಹೇಳಿದೆ. ಯಾಕೆ ಎಂದು ನೀನು ಕೇಳಿದರೆ, ನೀನು ಬದುಕಿದ್ದೆ, ಅದಕ್ಕೆ ಎನ್ನುತ್ತೇನೆ. ಅದಕ್ಕಿಂತ ಚೆನ್ನಾದ ಕಾರಣ ನನ್ನಲ್ಲಿಲ್ಲ.

ಅಷ್ಟು ಕೇಳಿದ ಮೇಲೆ ನೀನು ಚಪ್ಪಲಿ ಮೆಟ್ಟಿ ಹೊರಟರೆ, ಉಂಡು ಹೋಗು ಎಂದು ನಾನು ತಡೆಯುವುದಿಲ್ಲ.